ಬಾನೆಟ್ ಮೇಲಿನ ಚುಕ್ಕೆಗೆ ಹಲ್ಲುಕಡ್ಡಿ ಸಾಕು

ನಮ್ಮ ಕಲಬುರಗಿಯಿಂದ ಸೇಡಂ ಕಡೆ ಸಿಮೆಂಟ್ ಲಾರಿಗಳ ಹಿಂದೆ ದಿನಾ ಓಡಾಡುವ ಕಾರಿನ ಬಾನೆಟ್ ನೋಡಿ. ಸಾಸಿವೆಯಷ್ಟು ಚುಕ್ಕೆಗಳು ಇದ್ದೇ ಇರುತ್ತವೆ. ಲಾರಿ ಟೈರಿಗೆ ಸಿಕ್ಕ ಖಡಿ ಕಲ್ಲು ಹಾರಿ ಬಡಿದದ್ದು. ಮೊನ್ನೆ ಪಕ್ಕದ ಮನೆ ಹುಡುಗ ಬಂದು, "ಮುತ್ಯಾ, ಹೊಸಾ ಗಾಡಿ, ಬಣ್ಣ ಎದ್ದದ ನೋಡ್ರಿ" ಎಂದು ಮುಖ ಸಣ್ಣ ಮಾಡಿದ. ಮನೆಯಲ್ಲಿದ್ದ ನೇಲ್ ಪಾಲಿಶ್ ಹಚ್ಚಲಾ ಎಂದೂ ಕೇಳಿದ. ಬೇಡಪ್ಪಾ ಎಂದೆ.

ಮೊದಲು ಚುಕ್ಕೆಯೊಳಗೆ ಯಾವ ಬಣ್ಣ ಕಾಣುತ್ತದೆ ನೋಡಿ. ಮಂಕಾದ ಬೂದು ಇದ್ದರೆ ಪ್ರೈಮರ್, ಅಂದರೆ ಬಣ್ಣಕ್ಕೂ ಮುಂಚೆ ತಗಡಿಗೆ ಬಳಿಯುವ ಪದರ, ಉಳಿದಿದೆ, ಅವಸರವಿಲ್ಲ. ಹೊಳೆಯುವ ತಗಡು ಕಂಡರೆ ಮಳೆಗಾಲಕ್ಕೆ ಮುಂಚೆ ಮುಚ್ಚಿ. ಕಂದು ಬಂದಿದ್ದರೆ ತುಕ್ಕು ಶುರುವಾಗಿದೆ. ಬಂಪರ್ ಪ್ಲಾಸ್ಟಿಕ್ಕಿನದು, ಅದಕ್ಕೆ ತುಕ್ಕಿನ ಚಿಂತೆ ಇಲ್ಲ.

ಬಿಳಿ ಕಾರು ಅಂತ ಹೇಳಿ ಬಣ್ಣ ತರಬೇಡಿ. ಬಿಳಿಯಲ್ಲೇ ಎಷ್ಟೋ ಬಿಳಿ. ಡ್ರೈವರ್ ಬಾಗಿಲು ತೆರೆದರೆ ಕಂಬದ ಮೇಲೆ, ಇಲ್ಲವೇ ಬಾನೆಟ್ ಒಳಗೆ ಒಂದು ಪಟ್ಟಿ ಇರುತ್ತದೆ. ಅದರಲ್ಲಿ ಬಣ್ಣದ ಕೋಡ್ ಹುಡುಕಿ, ಆ ಕೋಡಿನ ಟಚ್‌ಅಪ್ ಬಾಟಲಿಯನ್ನೇ ತನ್ನಿ.

ನಾನು ಮೊದಲ ಸಲ ಇದನ್ನು ಮಾಡಿದ್ದು ಏಪ್ರಿಲ್ ಮಧ್ಯಾಹ್ನ, ಅಂಗಳದಲ್ಲಿ. ಬಾನೆಟ್ ಹಂಚಿನಂತೆ ಕಾದಿತ್ತು. ಬಾಟಲಿಯ ಬ್ರಷ್ಷಿನಿಂದಲೇ ಒಂದು ಏಟಿಗೆ ಬಳಿದೆ. ಒಣಗಿದ ಮೇಲೆ ನೋಡಿದರೆ ತೊಗರಿ ಬೇಳೆ ಅಂಟಿಸಿದ ಹಾಗೆ! ಮನೆಯವಳು ಈಗಲೂ ಆಡಿಕೊಂಡು ನಗುತ್ತಾಳೆ. ಅದಕ್ಕೇ ಹೇಳುವುದು, ಬೆಳಗ್ಗೆ ಬಿಸಿಲೇರುವ ಮುಂಚೆ, ತಗಡು ತಣ್ಣಗಿರುವಾಗ, ನೆರಳಲ್ಲಿ ಮಾಡಿ. ಗಾಳಿ ಬೀಸುವ ದಿನ ಬೇಡ. ಕರಿಮಣ್ಣಿನ ಧೂಳು ಹಸಿ ಬಣ್ಣಕ್ಕೆ ಕೂತರೆ ಮುಗಿಯಿತು.

ಸೋಪು ನೀರಿನಿಂದ ತೊಳೆದು ಪೂರ್ತಿ ಒಣಗಿಸಿ. ತುಕ್ಕಿದ್ದರೆ ವಾಟರ್ ಪೇಪರನ್ನು (ನೀರಲ್ಲಿ ನೆನೆಸಿಯೂ ಉಜ್ಜಬಹುದಾದ ಉಪ್ಪುಕಾಗದ) ಚೂಪಾಗಿ ಮಡಚಿ ಚುಕ್ಕೆಯೊಳಗೆ ಮಾತ್ರ ಕೆರೆಯಿರಿ. ಇಷ್ಟೇ ಇಷ್ಟು ತುಕ್ಕು ಉಳಿದರೂ ಮೇಲಿನ ಬಣ್ಣ ಗುಳ್ಳೆ ಎದ್ದು ಬರುತ್ತದೆ. ತಗಡು ಕಂಡಲ್ಲಿ ಒಂದು ಹನಿ ಪ್ರೈಮರ್ ಬಿಟ್ಟು ಒಣಗಲು ಬಿಡಿ. ಆಮೇಲೆ ಬಾಟಲಿ ಚೆನ್ನಾಗಿ ಅಲ್ಲಾಡಿಸಿ, ಹಲ್ಲುಕಡ್ಡಿಯ ತುದಿಯಲ್ಲಿ ಬಣ್ಣ ತೆಗೆದುಕೊಂಡು ಗುಂಡಿಯ ನಡುವೆ ಮುಟ್ಟಿಸಿ. ಬಳಿಯಬೇಡಿ, ಬರೀ ಮುಟ್ಟಿಸಿ. ಬಣ್ಣ ತಾನೇ ಅಂಚಿನ ತನಕ ಹರಡಿಕೊಳ್ಳುತ್ತದೆ. ಒಣಗುತ್ತಾ ಅದು ಕುಗ್ಗುತ್ತದೆ, ಹಾಗಾಗಿ ಒಂದೇ ಸಲಕ್ಕೆ ಗುಂಡಿ ತುಂಬುವುದಿಲ್ಲ. ಅರ್ಧ ಗಂಟೆ ಬಿಟ್ಟು ಇನ್ನೊಂದು ಹನಿ. ಮೂರು ನಾಲ್ಕು ಸಲ ಹೀಗೆ. ನಡುವೆ ಚಹಾ ಕುಡಿಯಿರಿ, ಆದರೆ ಬೆರಳಿಟ್ಟು ಒಣಗಿತಾ ಅಂತ ನೋಡಬೇಡಿ. ಮರುದಿನ ಅದೇ ರೀತಿ ಕ್ಲಿಯರ್ ಕೋಟಿನ, ಅಂದರೆ ಬಣ್ಣದ ಮೇಲೆ ಹಚ್ಚುವ ಪಾರದರ್ಶಕ ಪದರದ, ಹನಿ.

ಸ್ವಲ್ಪ ಉಬ್ಬಿದ್ದರೆ ಒಂದು ವಾರ ಬಿಟ್ಟು 2000 ನಂಬರಿನ ವಾಟರ್ ಪೇಪರನ್ನು ಸೋಪು ನೀರಲ್ಲಿ ನೆನೆಸಿ ಹಗುರವಾಗಿ ಉಜ್ಜಿ, ಪಾಲಿಶ್ ಹಾಕಬಹುದು. ಕೈ ನಡುಗುವಂತಿದ್ದರೆ ಸುಮ್ನೆ ಬಿಡಿ. ಎರಡು ಹೆಜ್ಜೆ ಹಿಂದೆ ನಿಂತರೆ ಯಾರಿಗೂ ಕಾಣುವುದಿಲ್ಲ.

ಬಿಸಿಲಿಗೆ ಮಂಕಾದ ಬಣ್ಣದ ಕಥೆ ಬೇರೆ. ಅದಕ್ಕೆ ಬಣ್ಣ ಬೇಡ, ರಬ್ಬಿಂಗ್ ಕಾಂಪೌಂಡ್ ಬೇಕು, ಅಂದರೆ ಮಂಕಾದ ಮೇಲ್ಪದರವನ್ನು ಉಜ್ಜಿ ತೆಗೆಯುವ ಪೇಸ್ಟು. ಮೂಲೆಯಲ್ಲಿ ಅಂಗೈಯಗಲ ಉಜ್ಜಿ ನೋಡಿ, ಹೊಳಪು ಬಂದರೆ ಮುಂದುವರಿಸಿ, ಕೊನೆಗೆ ವ್ಯಾಕ್ಸ್ ಹಚ್ಚಿ. ಅಂಚುಗಳ ಮೇಲೆ ಜಾಸ್ತಿ ಒತ್ತಬೇಡಿ, ಅಲ್ಲಿ ಬಣ್ಣ ಬೇಗ ಸವೆಯುತ್ತದೆ. ಮೇಲಿನ ಪದರ ಹಾವಿನ ಪೊರೆಯಂತೆ ಸುಲಿಯುತ್ತಿದ್ದರೆ ಎಷ್ಟು ಉಜ್ಜಿದರೂ ದಂಡ, ಪೇಂಟಿಂಗ್ ಶಾಪಿಗೇ ಕೊಡಿ.

ಆ ಹುಡುಗ ಈಗ ಕಾರನ್ನು ನಮ್ಮ ಬೇವಿನ ಮರದ ಕೆಳಗೆ ನಿಲ್ಲಿಸುತ್ತಾನೆ. ನೆರಳೇನೋ ಸರಿ, ಮೇಲೆ ಕಾಗೆಗಳಿವೆಯಲ್ಲ! ಹಿಕ್ಕೆ ಬಿದ್ದದ್ದು ಬಿಸಿಲಿಗೆ ಒಣಗಿದರೆ ಬಣ್ಣವನ್ನೇ ತಿನ್ನುತ್ತದೆ. ಒಣಗಿದ್ದನ್ನು ಕೆರೆಯಬೇಡಿ, ಒದ್ದೆ ಬಟ್ಟೆ ಹತ್ತು ನಿಮಿಷ ಹಾಕಿಟ್ಟು ಎತ್ತಿ ತೆಗೆಯಿರಿ.