ಫಿಲ್ಟರ್ ತಗೊಳ್ಳೋಕ್ ಮುಂಚೆ ನೀರು ಟೆಸ್ಟ್ ಮಾಡಿಸ್ರಿ

ಬೇಸಿಗೆ ಬಂತಂದ್ರೆ ಗ್ರೂಪಲ್ಲಿ ಯಾವ ಆರ್‌ಒ (ನೀರಲ್ಲಿರೋ ಉಪ್ಪಿನಂಶ ತೆಗೆಯೋ ಫಿಲ್ಟರ್) ತಗೊಳ್ಳೋದು ಅಂತ ಕೇಳೋರು ಜಾಸ್ತಿ, ಅದ್ಕೇ ಹೇಳ್ತಿದೀನಿ, ಮೊದ್ಲು ನಿಮ್ಮನೆ ನೀರು ಎಲ್ಲಿಂದು ನೋಡ್ರಿ. ದಾವಣಗೆರೆ ಊರೊಳಗೆ ನಳದಲ್ಲಿ ಬರೋ ಹೊಳೆ ನೀರಿಗೆ ಟಿಡಿಎಸ್, ಅಂದ್ರೆ ಕರಗಿರೋ ಒಟ್ಟು ಉಪ್ಪಿನಂಶ, ಲೀಟರಿಗೆ 500 ಮಿಲಿಗ್ರಾಂ ಒಳಗಿದ್ರೆ ಆರ್‌ಒ ಬೇಕಾಗಿಲ್ಲ, ಬೆಳಕಿಂದ ಕ್ರಿಮಿ ಸಾಯ್ಸೋ ಯುವಿ ಫಿಲ್ಟರ್ ಸಾಕು, ಮಳೆಗಾಲದಲ್ಲಿ ರಾಡಿ ನೀರು ಬರ್ತೈತಲ್ಲ ಅದಕ್ಕೊಂದು ಮಣ್ಣು ತಡೆಯೋ ಸೆಡಿಮೆಂಟ್ ಫಿಲ್ಟರ್ ಮುಂದೆ ಹಾಕಿಸ್ರಿ. ನಮ್ಮನೇಲಿ ಸೇಲ್ಸ್ ಹುಡುಗನ ಮಾತು ಕೇಳಿ ಆರ್‌ಒ ಹಾಕಿಸಿ ಈಗ ಸಪ್ಪೆ ನೀರು ಕುಡಿತಿದೀವಿ ಬಿಡ್ರಿ.

ಬೋರ್ ನೀರಾದ್ರೆ ಕಥೆ ಬೇರೆ. ಚಿತ್ರದುರ್ಗ ಜಿಲ್ಲೆ ಕಡೆ ಎಷ್ಟೋ ಬೋರಲ್ಲಿ ಫ್ಲೋರೈಡ್ ಐತೆ, ಲೀಟರಿಗೆ 1.5 ಮಿಲಿಗ್ರಾಂ ಮೀರಿದ್ರೆ ಕುಡಿಯೋಕಾಗಲ್ಲ, ವರ್ಷಗಟ್ಲೆ ಕುಡಿದ್ರೆ ಹಲ್ಲು ಕಂದಾಗ್ತವೆ, ಮೂಳೆಗೂ ಹೊಡೆತ. ಇದು ಕುದಿಸಿದ್ರೆ ಹೋಗಲ್ಲ, ಯುವಿಲೂ ಹೋಗಲ್ಲ, ಟಿಡಿಎಸ್ ಮೀಟರಲ್ಲಂತೂ ಗೊತ್ತೇ ಆಗಲ್ಲ, ಅದು ಒಟ್ಟು ಉಪ್ಪಿನಂಶ ಅಷ್ಟೇ ತೋರ್ಸೋದು. ಲ್ಯಾಬಲ್ಲೇ ಟೆಸ್ಟ್ ಮಾಡಿಸ್ಬೇಕು, ಫ್ಲೋರೈಡ್ ಜಾಸ್ತಿ ಇದ್ರೆ ಆರ್‌ಒ ತಗೊಳ್ಳಿ.

ಮತ್ತೆ ಮೆಷಿನ್ ರೇಟ್ ಒಂದೇ ನೋಡ್ಬೇಡ್ರಿ, ಮೆಂಬ್ರೇನ್ (ಆರ್‌ಒ ಒಳಗೆ ಉಪ್ಪು ತಡೆಯೋ ಪೊರೆ), ಕ್ಯಾಂಡಲ್ ಬದಲಾಯ್ಸೋಕೆ ವರ್ಷಕ್ಕೆಷ್ಟು ಅಂತ ಮೊದ್ಲೇ ಕೇಳ್ರಿ. ಆರ್‌ಒ ಹೊರಗೆ ಬಿಡೋ ವೇಸ್ಟ್ ಪೈಪ್ ನೀರು ಬಕೆಟ್ಟಿಗೆ ಬಿಟ್ಕೊಂಡ್ರೆ ನೆಲ ಒರ್ಸೋಕಾಗ್ತೈತೆ, ಗಿಡಕ್ಕೆ ಮಾತ್ರ ದಿನಾ ಹಾಕ್ಬೇಡ್ರಿ, ಉಪ್ಪು ಜಾಸ್ತಿ ಇರ್ತೈತೆ.