ಶ್ಪಾರ್ಗೆಲ್ ಕಾಲದಲ್ಲಿ ನಮ್ಮ ಅಡುಗೆಮನೆ

ನಾವಿರುವುದು ಜರ್ಮನಿಯ ವಾಲ್‌ಡಾರ್ಫ್‌ನಲ್ಲಿ. ಏಪ್ರಿಲ್ ಮಧ್ಯದಿಂದ ಜೂನ್ ಕೊನೆಯವರೆಗೆ ನಮ್ಮಲ್ಲಿ ವಾರಕ್ಕೊಮ್ಮೆಯಾದರೂ ಬಿಳಿ ಆಸ್ಪರಾಗಸ್ ಅಡುಗೆ ಇದ್ದೇ ಇರುತ್ತದೆ. ಮಣ್ಣಿನಿಂದ ಮೇಲೇಳುವ, ಕಡ್ಡಿಯಂಥ ಎಳೆ ಚಿಗುರಿನ ತರಕಾರಿ ಅದು. ಇಲ್ಲಿಯವರು ಅದನ್ನು ಶ್ಪಾರ್ಗೆಲ್ ಅಂತಾರೆ, ನಮ್ಮ ಬಾಯಿಗೂ ಅದೇ ರೂಢಿ. ಹತ್ತಿರದ ಶ್ವೆಟ್ಸಿಂಗೆನ್ ಈ ತರಕಾರಿಗೇ ಹೆಸರಾದ ಊರು. ಅಲ್ಲಿನ ಅರಮನೆಯ ತೋಟದಲ್ಲಿ 1668ರಲ್ಲೇ ಇದನ್ನು ಬೆಳೆಸಿದ್ದರು ಅಂತ ಊರವರು ಹೆಮ್ಮೆಯಿಂದ ಹೇಳುತ್ತಾರೆ. ಅರಮನೆ ಎದುರಿನ ಚೌಕದಲ್ಲಿ ಶ್ಪಾರ್ಗೆಲ್ ಮಾರುವ ಹೆಂಗಸಿನ ಪ್ರತಿಮೆಯೇ ಇದೆ. ಸೀಸನ್‌ನಲ್ಲಿ ಹಬ್ಬ ನಡೆಯುತ್ತದೆ, ಶ್ಪಾರ್ಗೆಲ್ ರಾಣಿ ಅಂತ ಒಬ್ಬ ಹುಡುಗಿಯನ್ನು ಆರಿಸುತ್ತಾರೆ. ಆದರೆ ನನಗೆ ನಿಜವಾದ ಹಬ್ಬ ಹೊಲದ ಪಕ್ಕದ ಮರದ ಗೂಡಂಗಡಿಯಲ್ಲೇ ಶುರುವಾಗುತ್ತದೆ.

ರೈನ್ ನದಿಯ ಈ ಬಯಲಿನಲ್ಲಿ ಮರಳು ಮಣ್ಣು ಜಾಸ್ತಿ. ಬೇಗ ಬಿಸಿಯಾಗುತ್ತದೆ, ಸಡಿಲವಾಗಿರುವುದರಿಂದ ಕಡ್ಡಿ ನೇರವಾಗಿ ಮೇಲೇಳುತ್ತದೆ. ಎತ್ತರದ ಬೋದು ಕಟ್ಟಿ, ಮಣ್ಣಿನೊಳಗೇ ಬೆಳೆಯಲು ಬಿಡುತ್ತಾರೆ. ಬಿಸಿಲು ಕಾಣದ್ದರಿಂದಲೇ ಅದು ಬಿಳಿ. ತುದಿ ಹೊರಗೆ ಇಣುಕಿದರೆ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಬೋದಿನ ಮೇಲೆ ಒಂದು ಕಡೆ ಕಪ್ಪು, ಇನ್ನೊಂದು ಕಡೆ ಬಿಳಿ ಇರುವ ಪ್ಲಾಸ್ಟಿಕ್ ಹಾಳೆ ಹೊದಿಸುತ್ತಾರೆ. ಕಪ್ಪು ಮೇಲಿದ್ದರೆ ಮಣ್ಣು ಕಾದು ಕಡ್ಡಿ ಬೇಗ ಬರುತ್ತದೆ, ಬಿಳಿ ಮೇಲೆ ಮಾಡಿದರೆ ನಿಧಾನ. ಕೊಯ್ಲು ಹೆಚ್ಚಾಗಿ ಕೈಯಲ್ಲೇ. ಬೆರಳಿನಿಂದ ಮಣ್ಣು ಸರಿಸಿ, ಉದ್ದ ಚಾಕುವಿನಿಂದ ಬುಡಕ್ಕೆ ಕತ್ತರಿಸಿ, ಗುಂಡಿಯನ್ನು ಮತ್ತೆ ಮುಚ್ಚಿ ಸವರಬೇಕು. ರೊಮೇನಿಯಾ, ಪೋಲೆಂಡ್‌ನಿಂದ ಬಂದವರು ದಿನವಿಡೀ ಬೆನ್ನು ಬಗ್ಗಿಸಿ ಈ ಕೆಲಸ ಮಾಡುತ್ತಾರೆ. ಅದನ್ನು ನೋಡಿದ ಮೇಲೆ ನಾನು ಬೆಲೆಯ ಬಗ್ಗೆ ಗೊಣಗುವುದಿಲ್ಲ.

ಕೊಳ್ಳುವುದನ್ನು ಕಲಿಸಿದವರು ಪಕ್ಕದ ಮನೆಯ ಅಜ್ಜಿ. ಎರಡು ಕಡ್ಡಿ ಒಂದಕ್ಕೊಂದು ತಿಕ್ಕಿದರೆ ಕೀಚ್ ಅನ್ನಬೇಕು, ಕೊಯ್ದ ಬುಡ ಒದ್ದೆಯಾಗಿರಬೇಕು. ಊಟಕ್ಕೆ ಅದೇ ಮುಖ್ಯವಾದರೆ ಒಬ್ಬರಿಗೆ ಅರ್ಧ ಕಿಲೋ ಲೆಕ್ಕ. ಅವತ್ತೇ ಮಾಡದಿದ್ದರೆ ಒದ್ದೆ ಬಟ್ಟೆಯಲ್ಲಿ ಸುತ್ತಿ ಫ್ರಿಜ್‌ನಲ್ಲಿಡುತ್ತೇನೆ.

ಸಿಪ್ಪೆ ತೆಗೆಯುವುದರಲ್ಲಿ ಮಾತ್ರ ಅವಸರ ಬೇಡ. ಅಮ್ಮ ಮೈಸೂರಿನಿಂದ ಬಂದಿದ್ದಾಗ ಒಂದು ಕಡ್ಡಿ ಮುರಿದು ನೋಡಿ, "ಬಾಳೆದಿಂಡಿನ ಹಾಗೇ ನಾರಿದೆಯಲ್ಲೇ, ಸರಿಯಾಗಿ ತೆಗಿ" ಅಂದಿದ್ದರು. ಸರಿಯಾದ ಮಾತು. ತುದಿಯ ಮೊಗ್ಗನ್ನು ಮುಟ್ಟದೆ, ಅದರ ಸ್ವಲ್ಪ ಕೆಳಗಿನಿಂದ ಬುಡದ ತನಕ ಎಳೆಯಬೇಕು. ಬುಡದ ಕಡೆ ಇನ್ನೂ ಸ್ವಲ್ಪ ದಪ್ಪಗೆ. ಕೊನೆಯ ಗಟ್ಟಿ ತುಂಡನ್ನು ಕತ್ತರಿಸಬೇಕು. ಒಂದು ನಾರು ಉಳಿದರೂ ಬಾಯಿಗೆ ಸಿಕ್ಕಿಕೊಳ್ಳುತ್ತದೆ.

ಸಿಪ್ಪೆ, ಬುಡ ಯಾವುದನ್ನೂ ಎಸೆಯಬೇಡಿ. ಚೆನ್ನಾಗಿ ತೊಳೆದು ನೀರಿಗೆ ಹಾಕಿ, ಉಪ್ಪು, ಚಿಟಿಕೆ ಸಕ್ಕರೆ, ಒಂದಿಷ್ಟು ಬೆಣ್ಣೆ ಸೇರಿಸಿ ಕಾಲು ಗಂಟೆ ಕುದಿಸಿ ಸೋಸುತ್ತೇನೆ. ಆ ನೀರಿನಲ್ಲೇ ಕಡ್ಡಿಗಳನ್ನು ಬೇಯಿಸಿದರೆ ರುಚಿ ಎಲ್ಲೂ ಹೋಗುವುದಿಲ್ಲ. ದಪ್ಪ ನೋಡಿಕೊಂಡು ಹತ್ತರಿಂದ ಹದಿನೈದು ನಿಮಿಷ. ಫೋರ್ಕಿನಿಂದ ನಡುವೆ ಎತ್ತಿದಾಗ ಸ್ವಲ್ಪ ಬಾಗಬೇಕು, ಜೋತು ಬೀಳಬಾರದು.

ಊಟಕ್ಕೆ ಈ ಸೀಮೆಯವರು ಕ್ರಾಟ್ಸೆಟೆ ಮಾಡುತ್ತಾರೆ. ಮೈದಾ, ಹಾಲು, ಮೊಟ್ಟೆ ಕಲಸಿ ದಪ್ಪ ದೋಸೆ ಹೊಯ್ದು, ಬಾಣಲೆಯಲ್ಲೇ ಹರಿದು ಚೂರು ಮಾಡುವುದು. ಜೊತೆಗೆ ಹೊಸ ಆಲೂಗಡ್ಡೆ, ಕರಗಿಸಿದ ಬೆಣ್ಣೆ ಅಥವಾ ಮೊಟ್ಟೆಯ ಹಳದಿ, ಬೆಣ್ಣೆಯಿಂದ ಮಾಡುವ ಹಾಲಂಡೇಸ್ ಸಾಸ್, ಹಂದಿ ಮಾಂಸದ ತೆಳು ಹೋಳು. ನಮ್ಮಲ್ಲಿ ಮಾಂಸ ಇಲ್ಲ. ಅಮ್ಮ ಮೊಟ್ಟೆ ಮುಟ್ಟುವುದಿಲ್ಲ ಅಂತ ಒಮ್ಮೆ ನೀರುದೋಸೆ ಮಾಡಿ ಬೆಣ್ಣೆ, ಶ್ಪಾರ್ಗೆಲ್ ಜೊತೆ ಬಡಿಸಿದೆ. ಈಗ ಮಕ್ಕಳು ಅದನ್ನೇ ಕೇಳುತ್ತಾರೆ.

ಒಂದು ವಿಷಯದಲ್ಲಿ ನನ್ನದು ಹಟ. ಒಳ್ಳೆಯ ಕಡ್ಡಿಗೆ ಒಗ್ಗರಣೆ ಹಾಕುವುದಿಲ್ಲ. ಅದರ ಎಳೆ ಸಿಹಿ, ಸಣ್ಣ ಕಹಿ ಎರಡೂ ಸಾಸಿವೆ, ಇಂಗಿನ ಮುಂದೆ ನಿಲ್ಲುವುದಿಲ್ಲ. ಒಗ್ಗರಣೆಗೆ ಮುರಿದ ತುಂಡುಗಳಿವೆ ಅಲ್ವಾ? ಅದೇ ಗೂಡಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುತ್ತವೆ. ಅವನ್ನು ಹಸಿಮೆಣಸು, ಕಾಯಿತುರಿ ಹಾಕಿ ಪಲ್ಯ ಮಾಡುತ್ತೇನೆ. ಮಜ್ಜಿಗೆ ಹುಳಿ ಇನ್ನೂ ಚೆನ್ನ. ಹುಳಿ ಮಜ್ಜಿಗೆಗೂ ಆ ಕಹಿಗೂ ಚೆನ್ನಾಗಿ ಹೊಂದುತ್ತದೆ. ಬೇಯಿಸಿದ ನೀರು ಮಾರನೇ ದಿನ ತಿಳಿಸಾರಿಗೆ. ಬೇಳೆ ಕಟ್ಟು, ಮೆಣಸು, ಜೀರಿಗೆ ಸಾಕು, ಹುಣಸೆಹಣ್ಣು ಸ್ವಲ್ಪವೇ.

ಜೂನ್ 24, ಸಂತ ಯೋಹಾನನ ಹಬ್ಬದ ದಿನ, ಕೊಯ್ಲು ನಿಲ್ಲುತ್ತದೆ. ಆಮೇಲೆ ಬರುವ ಕಡ್ಡಿಗಳನ್ನು ಹಾಗೇ ಬಿಟ್ಟರೆ ಅವು ಎತ್ತರಕ್ಕೆ ಬೆಳೆದು ನವಿರಾದ ಹಸಿರು ಪೊದೆಯಾಗುತ್ತವೆ. ನಮ್ಮ ಶತಾವರಿಯೂ ಇದೇ ಕುಲದ್ದು, ಆ ಪೊದೆ ನೋಡಿದರೆ ಗೊತ್ತಾಗುತ್ತದೆ. ಆ ಹಸಿರೇ ಬೇರಿಗೆ ಮುಂದಿನ ವರ್ಷದ ಆಹಾರ ತುಂಬಿಡುವುದು. ಕೊಯ್ಯುತ್ತಲೇ ಹೋದರೆ ಗಿಡ ಸೊರಗುತ್ತದೆ. ಹೊಸದಾಗಿ ನೆಟ್ಟ ಹೊಲದಲ್ಲಂತೂ ಪೂರ್ತಿ ಕೊಯ್ಲಿಗೆ ಮೂರನೇ ವರ್ಷದವರೆಗೆ ಕಾಯಬೇಕು. ಹಾಗಾಗಿ ಜೂನ್ ದಾಟಿದ ಮೇಲೆ ದೂರದೇಶದ್ದು ಅಂಗಡಿಗೆ ಬಂದರೂ ನಾನು ತರುವುದಿಲ್ಲ. ಕೊನೆಯ ವಾರ ಒಂದಷ್ಟು ಜಾಸ್ತಿ ತಂದು, ಸಿಪ್ಪೆ ತೆಗೆದು, ಹಸಿಯಾಗಿಯೇ ಫ್ರೀಜರಿಗೆ ಹಾಕಿಡುತ್ತೇನೆ. ಮಾಡುವಾಗ ಕರಗಿಸಬಾರದು, ಹಾಗೇ ಕುದಿಯುವ ನೀರಿಗೆ ಹಾಕಬೇಕು. ಮಜ್ಜಿಗೆ ಹುಳಿಗೆ ಅಷ್ಟು ಸಾಕು.