ಹಾಡಿಗೆ ತುಟಿ ಕೂಡಬೇಕೆಂದರೆ: ಮ್ಯೂಸಿಕ್ ವಿಡಿಯೊ ಮಾಡುವ ವಿದ್ಯಾರ್ಥಿಗಳಿಗೆ

ಮಾಧ್ಯಮ ವಿಭಾಗಗಳ ವಿದ್ಯಾರ್ಥಿಗಳು ಪ್ರಾಜೆಕ್ಟ್‌ಗೆಂದು ಮಾಡಿದ ಮ್ಯೂಸಿಕ್ ವಿಡಿಯೊಗಳನ್ನು ಒಂದರ ಹಿಂದೊಂದು ನೋಡಿದವರಿಗೆ ಒಂದು ದೋಷ ಎದ್ದು ಕಾಣುತ್ತದೆ. ಬೆಳಕು ಚೆನ್ನಾಗಿರುತ್ತದೆ, ಜಿಂಬಲ್‌ನಲ್ಲಿ (ಕ್ಯಾಮೆರಾ ಅಲುಗದಂತೆ ಹಿಡಿಯುವ ಸಾಧನ) ತೆಗೆದ ಶಾಟ್‌ಗಳೂ ನಯವಾಗಿಯೇ ಇರುತ್ತವೆ. ಆದರೆ ಗಾಯಕಿ ಬಾಯಿ ತೆರೆದಳೆಂದರೆ ಹಾಡು ಒಂದು ಕಡೆ, ತುಟಿ ಇನ್ನೊಂದು ಕಡೆ. ಎಡಿಟಿಂಗ್‌ನಲ್ಲಿ ಸರಿಮಾಡಿಕೊಂಡರಾಯಿತು ಎಂಬ ಧೈರ್ಯದಲ್ಲಿ ಚಿತ್ರೀಕರಣ ಮುಗಿಸಿ ಬಂದವರು, ಅಲ್ಲಿ ಸರಿಮಾಡಲಾಗದೆ, ಕೊನೆಗೆ ಗಾಯಕಿಯ ಬೆನ್ನು, ಕಿಟಕಿಯ ಸರಳು, ಎಲೆಯ ಮೇಲಿನ ನೀರಹನಿಗಳನ್ನು ತೋರಿಸಿ ವಿಡಿಯೊವನ್ನು ದಡ ಸೇರಿಸುತ್ತಾರೆ. ಕಥಾಚಿತ್ರದ ದೃಶ್ಯವೊಂದರಲ್ಲಿ ಚಿತ್ರ ಮೊದಲು ಬಂದು ಹಿನ್ನೆಲೆ ಸಂಗೀತ ಆಮೇಲೆ ಅದಕ್ಕೆ ಹೊಂದಿಕೊಳ್ಳುತ್ತದೆ. ಮ್ಯೂಸಿಕ್ ವಿಡಿಯೊದಲ್ಲಿ ಧ್ವನಿ ಮೊದಲೇ ಸಿದ್ಧವಾಗಿರುತ್ತದೆ, ಅದರ ಉದ್ದವೂ ವೇಗವೂ ನಿಗದಿಯಾಗಿರುತ್ತವೆ. ಆದ್ದರಿಂದ ಇಲ್ಲಿ ಕ್ಯಾಮೆರಾ, ಗಾಯಕಿ, ಎಡಿಟರ್ ಮೂವರೂ ಹಾಡು ಹೇಳಿದ ಸಮಯವನ್ನೇ ಪಾಲಿಸಬೇಕು. ಕೆಳಗಿನ ಹಂತಗಳಲ್ಲಿ ಐದನೆಯದಕ್ಕೆ ಹೆಚ್ಚು ಜಾಗ ಕೊಟ್ಟಿರುವುದು ಈ ಕಾರಣಕ್ಕೆ.

ಹಂತ 1: ಹಾಡು ಮತ್ತು ಅದರ ಹಕ್ಕು

1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಸಾಹಿತ್ಯ, ಸಂಗೀತ ಮತ್ತು ಧ್ವನಿಮುದ್ರಣ ಮೂರೂ ಬೇರೆ ಬೇರೆ ಹಕ್ಕುಗಳು. ಕವಿಯ ಹಕ್ಕು ಅವರು ತೀರಿಕೊಂಡ ಮೇಲೆ 60 ವರ್ಷ ಉಳಿಯುತ್ತದೆ. 1981ರಲ್ಲಿ ತೀರಿಕೊಂಡ ಬೇಂದ್ರೆಯವರ ಕವಿತೆಗಳಿಗೆ 2041ರ ಕೊನೆಯವರೆಗೆ, 1994ರಲ್ಲಿ ತೀರಿಕೊಂಡ ಕುವೆಂಪು ಅವರ ಕವಿತೆಗಳಿಗೆ 2054ರ ಕೊನೆಯವರೆಗೆ ಅನುಮತಿ ಬೇಕೇ ಬೇಕು. ವಚನ, ದಾಸರ ಪದಗಳ ಪಠ್ಯಕ್ಕೆ ಯಾರ ಹಕ್ಕೂ ಇಲ್ಲ ಎಂಬುದು ನಿಜವಾದರೂ, ನಮ್ಮ ಕಿವಿಯಲ್ಲಿರುವ ಧಾಟಿ ಇತ್ತೀಚಿನ ಸಂಗೀತ ಸಂಯೋಜಕರದಾಗಿರಬಹುದು, ಧ್ವನಿಮುದ್ರಣವಂತೂ ಯಾವುದೋ ಕಂಪನಿಯದಾಗಿರುತ್ತದೆ. ಕರೋಕೆ ಟ್ರ್ಯಾಕ್‌ಗಳೂ ಹೀಗೆಯೇ. ಅಂತರ್ಜಾಲದಲ್ಲಿ ಸಿಕ್ಕಿತೆಂದ ಮಾತ್ರಕ್ಕೆ ಅವು ಪುಕ್ಕಟೆಯಲ್ಲ. ಸಹಪಾಠಿಯೊಬ್ಬರು ತಾವೇ ರಾಗ ಹಾಕಿ ಹಾಡಿದ ಪದ, ಅಥವಾ ಕಾಲೇಜಿನ ಬ್ಯಾಂಡ್‌ನ ಸ್ವಂತ ಹಾಡು ವಿದ್ಯಾರ್ಥಿಯ ಕೆಲಸಕ್ಕೆ ಎಲ್ಲ ರೀತಿಯಿಂದಲೂ ಒಳ್ಳೆಯದು.

ಹಾಡಿನ ಮಿಕ್ಸಿಂಗ್ ಪೂರ್ತಿ ಮುಗಿಯದೆ ಚಿತ್ರೀಕರಣದ ದಿನ ಗೊತ್ತುಮಾಡಲೇಬಾರದು. 'ಸದ್ಯಕ್ಕೆ ಇದರಲ್ಲಿ ಶೂಟ್ ಮಾಡಿ, ಫೈನಲ್ ಆಮೇಲೆ ಕಳಿಸುತ್ತೇನೆ' ಎನ್ನುವ ಸಂಗೀತಗಾರರು ಬಹಳ. ಆ ಫೈನಲ್‌ನಲ್ಲಿ ಒಂದು ಬಿಟ್ (ಸಾಲುಗಳ ನಡುವಿನ ವಾದ್ಯಸಂಗೀತ) ಕಡಿಮೆಯಾಗಿರುತ್ತದೆ, ವೇಗ ಒಂದಿಷ್ಟು ಏರಿರುತ್ತದೆ, ಅಥವಾ ಗಾಯಕಿ ಚರಣವನ್ನು ಹೊಸದಾಗಿ ಹಾಡಿರುತ್ತಾರೆ. ಅಲ್ಲಿಗೆ ನೀವು ತೆಗೆದದ್ದೆಲ್ಲ ಇಲ್ಲದ ಹಾಡೊಂದರ ವಿಡಿಯೊ ಆಗಿಬಿಡುತ್ತದೆ. ಅಂತಿಮ ಹಾಡನ್ನು 48 ಕಿಲೋಹರ್ಟ್ಸ್‌ನ ವೇವ್ ಫೈಲ್ ಆಗಿ ಪಡೆದು, ಚಿತ್ರೀಕರಣಕ್ಕೂ ಎಡಿಟಿಂಗ್‌ಗೂ ಅದೊಂದನ್ನೇ ಬಳಸಬೇಕು.

ಹಂತ 2: ಹಾಡಿನ ನಕ್ಷೆ

ಪಲ್ಲವಿ, ಬಿಟ್, ಚರಣ ಯಾವ ನಿಮಿಷ ಯಾವ ಸೆಕೆಂಡಿನಲ್ಲಿ ಶುರುವಾಗುತ್ತವೆ, ಯಾವ ಸಾಲಿನಲ್ಲಿ ಮುಖ ಕಾಣಬೇಕು, ಎಲ್ಲಿ ಬೇಡ ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಒಂದೇ ಹಾಳೆ ಸಾಕು.

ಹಂತ 3: ಜಾಗ

ಹಂಪಿಯಂತಹ ಸಂರಕ್ಷಿತ ಸ್ಮಾರಕಗಳಲ್ಲಿ ಟ್ರೈಪಾಡ್ ನಿಲ್ಲಿಸಲೂ ಪುರಾತತ್ವ ಸರ್ವೇಕ್ಷಣ ಇಲಾಖೆಯ ಅನುಮತಿ ಬೇಕು, ಕಾಡಿನಲ್ಲಿ ಅರಣ್ಯ ಇಲಾಖೆಯದು. ಡ್ರೋನ್ ಹಾರಿಸುವುದಾದರೆ 2021ರ ಡ್ರೋನ್ ನಿಯಮಗಳ ಪ್ರಕಾರ ಆ ಜಾಗ ಯಾವ ಬಣ್ಣದ ವಲಯದಲ್ಲಿದೆ ಎಂದು ಮೊದಲು ನೋಡಿಕೊಳ್ಳಬೇಕು. ಮೊದಲ ವಿಡಿಯೊಗೆ ಗೆಳೆಯರೊಬ್ಬರ ಮನೆಯ ತಾರಸಿ, ಹಿತ್ತಿಲು ಧಾರಾಳವಾಗಿ ಸಾಕು.

ಹಂತ 4: ಕ್ಯಾಮೆರಾ ಹೊಂದಿಸುವುದು

ನಮ್ಮ ದೇಶದ ವಿದ್ಯುತ್ 50 ಹರ್ಟ್ಸ್‌ನದು. ಆದ್ದರಿಂದ ಸೆಕೆಂಡಿಗೆ 25 ಫ್ರೇಮ್ (ಬಿಡಿ ಚಿತ್ರ), ಶಟರ್ 1/50 ಸೆಕೆಂಡ್ ಎಂದು ಇಟ್ಟರೆ ಮನೆಯ ದೀಪಗಳ ಮಿಣುಕು ಚಿತ್ರದಲ್ಲಿ ಕಾಣುವುದಿಲ್ಲ. 'ಸಿನಿಮಾಟಿಕ್' ಆಗಿರಲಿ ಎಂದು 24ಕ್ಕೆ ಹೋಗುವವರಿಗೆ ನನ್ನ ಸಲಹೆ ಒಂದೇ: ಬೇಡ. ಹಲವು ಕ್ಯಾಮೆರಾಗಳಲ್ಲಿ 24 ಎಂದು ತೋರಿಸುವುದು ವಾಸ್ತವವಾಗಿ 23.976, 30 ಎಂದು ತೋರಿಸುವುದು 29.97 ಆಗಿರುತ್ತದೆ, ಎಡಿಟಿಂಗ್‌ನಲ್ಲಿ ಅದನ್ನು ತಪ್ಪಾಗಿ ಪೂರ್ಣ ಸಂಖ್ಯೆಯೆಂದು ಓದಿಸಿದರೆ ನಾಲ್ಕು ನಿಮಿಷದ ಹಾಡಿನ ಕೊನೆಯ ಹೊತ್ತಿಗೆ ತುಟಿ ಸುಮಾರು ಕಾಲು ಸೆಕೆಂಡ್ ಸರಿದಿರುತ್ತದೆ. 25 ಎಂದರೆ 25. ಅದರಲ್ಲಿ ಈ ಗೊಂದಲವಿಲ್ಲ.

ಮೊಬೈಲ್‌ನಲ್ಲಿ ತೆಗೆಯುವವರು ಇನ್ನೊಂದು ವಿಷಯ ಗಮನಿಸಬೇಕು. ಫೋನಿನ ಸ್ವಂತ ಕ್ಯಾಮೆರಾ ಆ್ಯಪ್ ಬೆಳಕು ಕಡಿಮೆಯಾದಂತೆ ಫ್ರೇಮ್‌ಗಳ ಸಂಖ್ಯೆಯನ್ನು ತಾನೇ ಏರಿಳಿಸುತ್ತದೆ. ಹಾಗೆ ತೆಗೆದ ಶಾಟ್ ಆರಂಭದಲ್ಲಿ ಸರಿಯಾಗಿ ಕೂತು ಚರಣದ ಹೊತ್ತಿಗೆ ಜಾರಬಹುದು. ಫ್ರೇಮ್ ದರವನ್ನು ಸ್ಥಿರವಾಗಿ ಹಿಡಿಯುವ ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾದಂತಹ ಆ್ಯಪ್ ಉಚಿತವಾಗಿಯೇ ಸಿಗುತ್ತದೆ.

ಸಾಮಾನು ಕೊಳ್ಳುವವರಿಗೆ ಎರಡು ಮಾತು. ಅಗ್ಗದ ಎಲ್‌ಇಡಿ ಪ್ಯಾನೆಲ್‌ಗಳು ಬೆಳಕು ತಗ್ಗಿಸಿದಾಗ ಮಿಣುಕುತ್ತವೆ. ಅಂಗಡಿಯಲ್ಲೇ ಫೋನಿನ ಸ್ಲೋ ಮೋಷನ್‌ನಲ್ಲಿ ಅದನ್ನು ತೆಗೆದು ನೋಡಿ, ಪಟ್ಟೆಗಳು ಓಡಾಡಿದರೆ ಹಾಗೆಯೇ ಹಿಂದಿರುಗಿಸಿ. ಲೆನ್ಸ್‌ಗೆ ಹಾಕುವ, ತಿರುಗಿಸಿದಂತೆ ಕಪ್ಪಾಗುವ ಅಗ್ಗದ ಎನ್‌ಡಿ (ಬೆಳಕು ತಗ್ಗಿಸುವ) ಫಿಲ್ಟರ್‌ಗಳು ಆಕಾಶದ ಮೇಲೆ ಕತ್ತರಿಯಾಕಾರದ ಕಪ್ಪು ಗುರುತು ಬೀಳಿಸುತ್ತವೆ. ಅದೆಲ್ಲಕ್ಕಿಂತ ಸ್ಟೇಷನರಿ ಅಂಗಡಿಯ ದೊಡ್ಡ ಥರ್ಮಾಕೋಲ್ ಹಾಳೆಯೊಂದು ಬಿಸಿಲನ್ನು ಮುಖಕ್ಕೆ ತಿರುಗಿಸುವ ಕೆಲಸವನ್ನು ಚೆನ್ನಾಗಿ ಮಾಡುತ್ತದೆ.

ಹಂತ 5: ಪ್ಲೇಬ್ಯಾಕ್ (ಚಿತ್ರೀಕರಣದಲ್ಲಿ ಹಾಡು ಹಾಕುವುದು)

ಡಿಜಿಟಲ್ ಬರುವ ಮೊದಲು ನಮ್ಮ ಸಿನಿಮಾ ಸೆಟ್‌ಗಳಲ್ಲಿ ಹಾಡು ಹಾಕಲು ನಾಗ್ರಾ ಟೇಪ್ ಯಂತ್ರವೂ, ಅದನ್ನು ನೋಡಿಕೊಳ್ಳಲೆಂದೇ ಒಬ್ಬ ವ್ಯಕ್ತಿಯೂ ಇರುತ್ತಿದ್ದರು. ಯಂತ್ರ ಹೋಗಿದೆ, ವಿದ್ಯಾರ್ಥಿಗಳ ತಂಡದಲ್ಲಿ ಆ ವ್ಯಕ್ತಿಯೂ ಇರುವುದಿಲ್ಲ. ಯಾರದೋ ಫೋನಿನಲ್ಲಿ ಯೂಟ್ಯೂಬ್‌ನಿಂದಲೇ ಹಾಡು ಹಾಕಿ, ನಡುವೆ ಜಾಹೀರಾತು ಬಂದಾಗ ನಕ್ಕು, ಮತ್ತೆ ಅಂದಾಜಿನಲ್ಲಿ ಶುರುಮಾಡುವ ದೃಶ್ಯ ಯಾವ ಕ್ಯಾಂಪಸ್‌ನಲ್ಲೂ ಕಾಣಸಿಗುತ್ತದೆ. ಒಬ್ಬರಿಗೆ ಬೇರೆ ಯಾವ ಕೆಲಸವನ್ನೂ ಹೇಳದೆ ಪ್ಲೇಬ್ಯಾಕ್ ಒಂದನ್ನೇ ವಹಿಸಿ.

ಮೊದಲು, ಹಿಂದಿನ ದಿನವೇ ಎಡಿಟಿಂಗ್ ತಂತ್ರಾಂಶದಲ್ಲಿ 25 ಫ್ರೇಮ್‌ನ ಟೈಮ್‌ಲೈನ್ ತೆರೆದು, ಅದರಲ್ಲಿ ಹಾಡನ್ನು ಇಟ್ಟು, ಹಾಡಿಗೆ ಮುಂಚೆ ಒಂದೊಂದು ಸೆಕೆಂಡಿನ ಅಂತರದಲ್ಲಿ ಮೂರು ಬೀಪ್ ಸೇರಿಸಿ. ಕಪ್ಪು ಪರದೆಯ ಮೇಲೆ ಟೈಮ್‌ಕೋಡ್ ಅಂಕಿಗಳು (ನಿಮಿಷ, ಸೆಕೆಂಡ್, ಫ್ರೇಮ್ ತೋರಿಸುವ ಅಂಕಿಗಳು) ದಪ್ಪವಾಗಿ ಓಡುವಂತೆ ಮಾಡಿ. ಡಾವಿಂಚಿ ರಿಸಾಲ್ವ್ ಎಂಬ ಎಡಿಟಿಂಗ್ ತಂತ್ರಾಂಶದ ಉಚಿತ ಆವೃತ್ತಿಯಲ್ಲಿ ಇದನ್ನು ಡೇಟಾ ಬರ್ನ್-ಇನ್ ಎನ್ನುತ್ತಾರೆ. ಇದನ್ನು ವಿಡಿಯೊ ಆಗಿ ಹೊರತೆಗೆದು ಟ್ಯಾಬ್‌ಗೆ ಹಾಕಿಕೊಳ್ಳಿ. ಪ್ರತಿ ಟೇಕ್‌ನಲ್ಲೂ ಕ್ಯಾಮೆರಾ ಓಡತೊಡಗಿದ ಮೇಲೆ ಈ ವಿಡಿಯೊ ಶುರುಮಾಡಿ, ಟ್ಯಾಬ್‌ನ ಪರದೆಯನ್ನು ಒಂದೆರಡು ಸೆಕೆಂಡ್ ಕ್ಯಾಮೆರಾಗೆ ತೋರಿಸಿ ಪಕ್ಕಕ್ಕೆ ಸರಿಸಿಬಿಟ್ಟರೆ, ಆ ಟೇಕ್ ಹಾಡಿನ ಯಾವ ಫ್ರೇಮ್‌ನಲ್ಲಿ ಕೂರಬೇಕೆಂಬುದು ಚಿತ್ರದಲ್ಲೇ ಬರೆದಿಟ್ಟಂತಾಗುತ್ತದೆ. ನಡುವಿನಿಂದ ಶುರುಮಾಡಿದರೂ ಅಂಕಿ ಸರಿಯಾಗಿಯೇ ಇರುತ್ತದೆ. ಕ್ಲಾಪ್ ಬೋರ್ಡ್ ಇದ್ದರೆ ಚೆನ್ನ, ಇಲ್ಲದಿದ್ದರೂ ನಡೆಯುತ್ತದೆ. ಆದರೆ ಕ್ಯಾಮೆರಾದ ಮೈಕ್ ಮಾತ್ರ ಎಂದೂ ಆಫ್ ಆಗಿರಕೂಡದು, ಎಂಟನೆಯ ಹಂತದಲ್ಲಿ ಟೇಕ್‌ಗಳನ್ನು ಹಾಡಿನ ಮೇಲೆ ಕೂರಿಸಲು ಅದು ದಾಖಲಿಸಿದ ಧ್ವನಿಯೂ ಬೇಕಾಗುತ್ತದೆ.

ಟ್ಯಾಬ್‌ನಿಂದ ಸ್ಪೀಕರ್‌ಗೆ ತಂತಿ ಹಾಕಿ. ಬ್ಲೂಟೂತ್ ಸ್ಪೀಕರ್‌ಗೆ ಧ್ವನಿ ತಡವಾಗಿ ತಲುಪುತ್ತದೆ. 200 ಮಿಲಿಸೆಕೆಂಡ್ ತಡವಾದರೆ 25 ಫ್ರೇಮ್‌ನ ಲೆಕ್ಕದಲ್ಲಿ ಅದು ಐದು ಫ್ರೇಮ್. ಪರದೆಯ ಅಂಕಿ ಒಂದು ಹೇಳಿದರೆ ಗಾಯಕಿಗೆ ಕೇಳಿಸುವುದು ಐದು ಫ್ರೇಮ್ ಹಿಂದಿನದು. ಕೆಲವು ಸಾಧನಗಳು ಇದನ್ನು ತಾವೇ ಸರಿದೂಗಿಸುತ್ತವೆ, ಕೆಲವು ಇಲ್ಲ, ಒಮ್ಮೆ ಕಡಿದು ಮತ್ತೆ ಜೋಡಿಸಿದರೆ ತಡವೇ ಬೇರೆಯಾಗಬಹುದು. ಹೀಗಾಗಿ ಒಂದು ಲೆಕ್ಕ ಇಟ್ಟುಕೊಂಡು ಸರಿಪಡಿಸಲೂ ಆಗದು. ತಂತಿಯ ಬೆಲೆ ಹೆಚ್ಚಲ್ಲ.

ಸ್ಪೀಕರ್ ಎಲ್ಲಿಡಬೇಕೆಂಬುದನ್ನು ಯಾರೂ ಯೋಚಿಸುವುದಿಲ್ಲ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ, ಅಂದರೆ ಒಂದು ಫ್ರೇಮ್‌ನ ಅವಧಿಯಲ್ಲಿ 14 ಮೀಟರ್‌ನಷ್ಟು. ಗದ್ದೆಯ ಬದುವಿನ ಮೇಲೆ ಗಾಯಕಿ 28 ಮೀಟರ್ ದೂರದಲ್ಲಿ ನಡೆಯುತ್ತಿದ್ದು ಸ್ಪೀಕರ್ ಕ್ಯಾಮೆರಾದ ಪಕ್ಕದಲ್ಲಿದ್ದರೆ, ಅವಳು ಎರಡು ಫ್ರೇಮ್ ತಡವಾಗಿ ಕೇಳಿ ಎರಡು ಫ್ರೇಮ್ ತಡವಾಗಿ ಬಾಯಿ ಆಡಿಸುತ್ತಾಳೆ, ಹಾಡು ಮುಂದೆ ಓಡಿದಂತೆ ಕಾಣುತ್ತದೆ. ಸ್ಪೀಕರನ್ನು ಫ್ರೇಮ್‌ನ ಅಂಚಿಗೆ, ಗಾಯಕಿಯ ಹತ್ತಿರ ಇಟ್ಟರೆ ಕ್ಯಾಮೆರಾದ ಮೈಕ್‌ಗೆ ಧ್ವನಿ ತಡವಾಗಿ ಬರುತ್ತದೆ ನಿಜ, ಆದರೆ ಆ ದೋಷ ಕಡಿಮೆ ಕೆಟ್ಟದ್ದು. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸಿನ ಪ್ರಕಾರ ಧ್ವನಿ 45 ಮಿಲಿಸೆಕೆಂಡ್ ಮುಂದಾದರೆ ನೋಡುಗರಿಗೆ ಗೊತ್ತಾಗುತ್ತದೆ, ಹಿಂದಾದರೆ 125ರವರೆಗೆ ಗೊತ್ತಾಗುವುದಿಲ್ಲ. ದೂರದಲ್ಲಿ ಬಟ್ಟೆ ಒಗೆಯುವವರ ಏಟು ಕಣ್ಣಿಗೆ ಮೊದಲು, ಕಿವಿಗೆ ಆಮೇಲೆ ತಲುಪುವುದನ್ನು ನಾವೆಲ್ಲ ಕಂಡಿದ್ದೇವೆ. ಅದರ ತಿರುವುಮುರುವು ಮಾತ್ರ ಮನಸ್ಸಿಗೆ ಒಗ್ಗುವುದಿಲ್ಲ.

ಇನ್ನು ಗಾಯಕಿ. ತುಟಿ ಅಲ್ಲಾಡಿಸಿದರೆ ಸಾಕೆಂದು ಹೇಳಿ ಅವರನ್ನು ಕೆಡಿಸಬೇಡಿ. ಅವರು ಸ್ಪೀಕರ್ ಜೊತೆಗೆ ಗಟ್ಟಿಯಾಗಿ, ನಿಜವಾಗಿಯೇ ಹಾಡಬೇಕು. ಉಸಿರೆಳೆದಾಗ ಭುಜ ಏರುವುದು, ತಾರಸ್ಥಾಯಿಯಲ್ಲಿ ಕತ್ತಿನ ನರ ಬಿಗಿಯುವುದು, ಸಾಲಿನ ಕೊನೆಯಲ್ಲಿ ಗದ್ದ ಇಳಿಯುವುದು ನಟಿಸಿದರೆ ಬರುವುದಿಲ್ಲ. ಯಾವುದೇ ಸಾಲನ್ನು ತೆಗೆಯುವಾಗಲೂ ಅದರ ಹಿಂದಿನ ಒಂದು ಸಾಲಿನಿಂದ ಹಾಡು ಹಾಕಿದರೆ ಶ್ರುತಿಯೂ ಲಯವೂ ಕೂಡಿಕೊಳ್ಳುತ್ತವೆ. ಸ್ಟುಡಿಯೊದಲ್ಲಿ ಹಾಡಿದ ಸಂಗತಿಗಳನ್ನು (ಒಂದೇ ಸಾಲನ್ನು ಬದಲಿಸಿ ಹಾಡಿದ ಬಗೆಗಳನ್ನು) ಹಾಡಿದವರೇ ಮರೆತಿರುತ್ತಾರೆ. ಅಂತಿಮ ಹಾಡನ್ನು ವಾರ ಮೊದಲೇ ಕೊಟ್ಟು ಅಭ್ಯಾಸ ಮಾಡಿಸಿ.

ಹಂತ 6: ಸ್ಲೋ ಮೋಷನ್‌ನಲ್ಲಿ ಹಾಡಿಸುವುದು

ಕೂದಲು ನಿಧಾನವಾಗಿ ಹಾರುತ್ತಿರಬೇಕು, ತುಟಿ ಮಾತ್ರ ಹಾಡಿನ ಜೊತೆ ಸರಿಯಾಗಿರಬೇಕು ಎಂದರೆ ಗಾಯಕಿ ವೇಗವಾಗಿ ಹಾಡಬೇಕು. 50 ಫ್ರೇಮ್‌ನಲ್ಲಿ ತೆಗೆದು 25ರಲ್ಲಿ ತೋರಿಸುವುದಾದರೆ ಹಾಡನ್ನು ಎರಡರಷ್ಟು ವೇಗದಲ್ಲಿ ಹಾಕಬೇಕು. ಮೇಲೆ ಹೇಳಿದ ಟೈಮ್‌ಕೋಡ್ ವಿಡಿಯೊವನ್ನೇ ಎರಡು ಪಟ್ಟು ವೇಗದಲ್ಲಿ ಹಾಕಿದರೆ ಅಂಕಿಗಳೂ ಎರಡರಷ್ಟು ಓಡಿ, ಚಿತ್ರವನ್ನು ನಿಧಾನಿಸಿದಾಗ ಹಾಡಿನ ಸರಿಯಾದ ಸಮಯವನ್ನೇ ತೋರಿಸುತ್ತವೆ. ಅನೇಕ ಕ್ಯಾಮೆರಾಗಳು ಈ ಮೋಡ್‌ನಲ್ಲಿ ಧ್ವನಿಯನ್ನು ದಾಖಲಿಸುವುದೇ ಇಲ್ಲವಾದ್ದರಿಂದ ಆ ಅಂಕಿಗಳಷ್ಟೇ ನಿಮಗೆ ಆಧಾರ. ಶಟರ್ 1/100. ನಿಮಿಷಕ್ಕೆ 70 ಬೀಟ್‌ನ ಹಾಡು 140 ಆದರೆ ಹಾಡಬಹುದು; 120ರ ಹಾಡು 240 ಆದರೆ ಯಾರ ನಾಲಿಗೆಯೂ ಹೊರಳುವುದಿಲ್ಲ. ಅಂತಹ ಹಾಡಿಗೆ ಬಿಟ್‌ಗಳಲ್ಲಿ ಮಾತ್ರ ಸ್ಲೋ ಮೋಷನ್ ಇರಲಿ.

ಹಂತ 7: ಶಾಟ್‌ಗಳ ಕ್ರಮ

ಮಾಸ್ಟರ್ (ಇಡೀ ದೃಶ್ಯ), ಮಿಡ್ (ಸೊಂಟದಿಂದ ಮೇಲೆ), ಕ್ಲೋಸ್ (ಮುಖ) ಮೂರರಲ್ಲೂ ಹಾಡನ್ನು ಆದಿಯಿಂದ ಅಂತ್ಯದವರೆಗೆ ಒಂದೊಂದು ಸಲ ತೆಗೆದ ಮೇಲೆಯೇ ಚಮತ್ಕಾರದ ಶಾಟ್‌ಗಳಿಗೆ ಕೈ ಹಾಕಿ. ಕ್ಲೋಸ್ ಅಪ್‌ಗಳನ್ನು ಸಂಜೆಗೆ ಉಳಿಸಿಕೊಳ್ಳಬೇಡಿ. ಸಂಜೆಯ ಬೆಳಕು ಚೆನ್ನಾಗಿದ್ದರೂ ಗಾಯಕಿಯ ಗಂಟಲು, ಮುಖ ಎರಡೂ ಅಷ್ಟು ಹೊತ್ತಿಗೆ ಬಾಡಿರುತ್ತವೆ.

ಹಂತ 8: ಜೋಡಣೆ ಮತ್ತು ಕತ್ತರಿ

ಮೊದಲು ಎಲ್ಲ ಟೇಕ್‌ಗಳನ್ನೂ ಹಾಡಿನ ಮೇಲೆ ಪದರಪದರವಾಗಿ ಪೇರಿಸಿ, ಧ್ವನಿತರಂಗದ (ತಂತ್ರಾಂಶ ತೋರಿಸುವ, ಧ್ವನಿಯ ಏರಿಳಿತದ ರೇಖೆ) ಅಥವಾ ಟ್ಯಾಬ್‌ನ ಅಂಕಿಯ ಸಹಾಯದಿಂದ ಕೂರಿಸಿ. ಅದು ಮುಗಿಯುವ ತನಕ ಒಂದೂ ಕಟ್ ಬೇಡ. ತಂತ್ರಾಂಶ ತಾನೇ ಕೂರಿಸಿದ್ದನ್ನೂ ನಂಬಿ ಬಿಡಬೇಡಿ. ಪರೀಕ್ಷಿಸಲು ಕನ್ನಡದಲ್ಲಿ ಒಳ್ಳೆಯ ಉಪಾಯವಿದೆ: ಪವರ್ಗದ ಅಕ್ಷರಗಳನ್ನು ಹುಡುಕಿ. ಪ, ಬ, ಮ ಇವುಗಳಿಗೆ ತುಟಿ ಮುಚ್ಚಲೇಬೇಕು. ಸಾಲಿನಲ್ಲಿ 'ಪಯಣ' ಎಂಬ ಪದವಿದ್ದರೆ, ಪ ಅಕ್ಷರಕ್ಕೆ ಮುಂಚೆ ಗಾಯಕಿಯ ದನಿ ಕ್ಷಣಕಾಲ ತಡೆದು ಒಮ್ಮೆಗೇ ಚಿಮ್ಮುತ್ತದೆ. ವಾದ್ಯಗಳಿಲ್ಲದ ಗಾಯನದ ಟ್ರ್ಯಾಕ್ ಕೇಳಿ ಪಡೆದಿದ್ದರೆ ಧ್ವನಿತರಂಗದಲ್ಲಿ ಅದು ಸ್ಪಷ್ಟವಾಗಿ ಕಾಣುತ್ತದೆ. ಮುಚ್ಚಿದ ತುಟಿ ಬಿಡಿಸಿಕೊಳ್ಳುವ ಫ್ರೇಮ್ ಆ ಚಿಮ್ಮುವಿಕೆಯ ಮೇಲೆಯೇ ಬೀಳಬೇಕು. ಪಲ್ಲವಿಯಲ್ಲೊಂದು, ಕೊನೆಯ ಚರಣದಲ್ಲೊಂದು ಇಂತಹ ಅಕ್ಷರ ನೋಡಿ: ಎರಡೂ ಕಡೆ ಒಂದೇ ಅಳತೆಯಲ್ಲಿ ತಪ್ಪಿದ್ದರೆ ಶಾಟನ್ನು ಅಷ್ಟು ಫ್ರೇಮ್ ಸರಿಸಿದರೆ ಸಾಕು, ಆರಂಭದಲ್ಲಿ ಸರಿಯಿದ್ದು ಕೊನೆಯಲ್ಲಿ ತಪ್ಪಿದ್ದರೆ ದೋಷವಿರುವುದು ಫ್ರೇಮ್ ದರದಲ್ಲಿ, ನಾಲ್ಕನೆಯ ಹಂತಕ್ಕೆ ಮರಳಬೇಕು.

ಆಮೇಲೆ ಕತ್ತರಿಸುವುದು. ನಿಮಿಷಕ್ಕೆ 100 ಬೀಟ್‌ನ ಹಾಡಿನಲ್ಲಿ ಒಂದು ಬೀಟ್‌ಗೆ ಸರಿಯಾಗಿ 15 ಫ್ರೇಮ್. ಹಾಗೆಂದು ಪ್ರತಿ ಬೀಟ್‌ಗೂ ಕಟ್ ಮಾಡಿದರೆ ನೋಡುವವರ ಕಣ್ಣು ಸೋಲುತ್ತದೆ. ಬೀಟ್‌ಗೆ ತಾವೇ ಕತ್ತರಿಸಿ ಕೊಡುವ ಮೊಬೈಲ್ ಆ್ಯಪ್‌ಗಳ ಟೆಂಪ್ಲೇಟ್‌ಗಳು ಮಾಡುವುದು ಇದನ್ನೇ. ಮಾಧ್ಯಮ ವಿದ್ಯಾರ್ಥಿಗೆ ಅವು ತಕ್ಕವಲ್ಲ. ಸಾಹಿತ್ಯದ ಅರ್ಥ ಮುಗಿಯುವಲ್ಲಿ, ಉಸಿರು ತೆಗೆದುಕೊಳ್ಳುವಲ್ಲಿ ಕತ್ತರಿಸಿ. ಬೀಟ್‌ನ ಮೇಲೆಯೇ ಕಟ್ ಬೇಕಿದ್ದರೆ ಒಂದೆರಡು ಫ್ರೇಮ್ ಮುಂಚೆ ಕತ್ತರಿಸಿದರೆ ಹೆಚ್ಚು ಬಿಗಿಯಾಗಿ ಕಾಣುತ್ತದೆ.

ಹಂತ 9: ಹೊರತೆಗೆಯುವುದು

25 ಫ್ರೇಮ್‌ನಲ್ಲೇ ಹೊರತೆಗೆಯಿರಿ, ಕೆಳಗಿನ ವಿವರಣೆಯಲ್ಲಿ ಸಾಹಿತ್ಯ, ಸಂಗೀತ, ಗಾಯನ ಯಾರದೆಂದು ಬರೆಯಿರಿ. ಅಪ್‌ಲೋಡ್‌ಗೆ ಮುಂಚಿನ ಕೊನೆಯ ವೀಕ್ಷಣೆಯನ್ನು ತಂತಿಯಿರುವ ಹೆಡ್‌ಫೋನ್‌ನಲ್ಲೇ ಮಾಡಬೇಕು, ಏಕೆಂದರೆ ಬ್ಲೂಟೂತ್ ಇಯರ್‌ಬಡ್ ಹಾಕಿಕೊಂಡು ನೋಡಿದವರು ಸರಿಯಾಗಿ ಕೂತಿದ್ದ ಹಾಡನ್ನೇ ತಪ್ಪೆಂದು ತಿಳಿದು ನಾಲ್ಕು ಫ್ರೇಮ್ ಸರಿಸಿ ಕೆಡಿಸಿದ ಉದಾಹರಣೆಗಳು ಸಾಕಷ್ಟಿವೆ.